ಮೇಷ್ಟ್ರ ಪ್ರಶ್ನೆಗೂ ಒಂದು ಗಂಟೆ

ವಿಧಾನ ಪರಿಷತ್ತಿರುವ ರಾಜ್ಯಗಳಲ್ಲಿ ಅದರ ಸದಸ್ಯರ ಪೈಕಿ ಹೆಚ್ಚುಕಡಿಮೆ ಹನ್ನೆರಡರಲ್ಲಿ ಒಂದು ಪಾಲಿನವರು ಉಪಾಧ್ಯಾಯರಿಂದಲೇ ಚುನಾಯಿತರಾಗತಕ್ಕದ್ದೆಂದು ನಮ್ಮ ಸಂವಿಧಾನದ 171ನೆಯ ಅನುಚ್ಛೇದವು ವಿಧಿಸಿದೆ. ವಕೀಲರಿಗಾಗಲಿ, ವೈದ್ಯರಿಗಾಗಲಿ, ದೇಶಕ್ಕೆ ಅನ್ನವಿಕ್ಕುವ ರೈತನಿಗಾಗಲಿ ತನ್ನ ವೃತ್ತಿಯ ಹೆಸರಿನಿಂದ ಶಾಸನಸಭೆಗೆ ಪ್ರತಿನಿಧಿಯನ್ನು ಕಳುಹಿಸುವ ಈ ಗೌರವ ಲಭಿಸಿಲ್ಲ. ಕರ್ನಾಟಕದ 75 ಸ್ಥಾನಗಳ ಪರಿಷತ್ತಿನಲ್ಲಿ ಇಂಥ ಶಿಕ್ಷಕ ಸ್ಥಾನಗಳು 7. ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೂ, ಅದೇ ಜಿಲ್ಲೆಯ ಹೊನ್ನಾಳಿ ಮತ್ತು ಚನ್ನಗಿರಿಗಳು ನೈರುತ್ಯ ಕ್ಷೇತ್ರಕ್ಕೂ ಸೇರಿವೆ. ಆದರೆ ಈ ಮತಾಧಿಕಾರಕ್ಕೆ ಒಂದು ಎಲ್ಲೆಯುಂಟು: ಪ್ರೌಢಶಾಲೆಯ ಮಟ್ಟಕ್ಕಿಂತ ಕೆಳಗಿನದಲ್ಲದ ವಿದ್ಯಾಸಂಸ್ಥೆಯೊಂದರಲ್ಲಿ, ಹಿಂದಿನ ಆರು ವರ್ಷಗಳ ಅವಧಿಯಲ್ಲಿ ಕನಿಷ್ಠ ಮೂರು ವರ್ಷ ಬೋಧಿಸಿದವರಿಗೆ ಮಾತ್ರವೇ ಅದು ದೊರೆಯುತ್ತದೆ. ಆದಕಾರಣ ಹರಿಹರದ ಯಾವುದಾದರೂ ಒಂದು ಆವರಣದಲ್ಲಿ ಪ್ರಾಥಮಿಕ ಶಾಲೆಯೂ ಪ್ರೌಢಶಾಲೆಯೂ ಒಂದೇ ಗೋಡೆಯೊಳಗೆ ನಡೆಯುತ್ತಿದ್ದರೆ, ಹತ್ತನೆಯ ತರಗತಿಗೆ ಬೀಜಗಣಿತ ಹೇಳುವವರು ಶಿಕ್ಷಕರೆಂಬ ಹೆಸರಿನಲ್ಲಿ ಮತ ಹಾಕುತ್ತಾರೆ. ಆರು ವರ್ಷದ ಮಗುವಿನ ಕೈಹಿಡಿದು ಮೊದಲಕ್ಷರವನ್ನು ತಿದ್ದಿಸುವ ಶಿಕ್ಷಕಿಗೆ ಆ ಮತವಿಲ್ಲ.

ಸಂವಿಧಾನ ರಚನೆಯ ಕಾಲದಲ್ಲಿ ಇದಕ್ಕೆ ತಕ್ಕ ಕಾರಣಗಳಿದ್ದಿರಬಹುದು. ಅವುಗಳ ವಿಚಾರಣೆ ಇಲ್ಲಿ ಬೇಡ. ಆದರೆ ವಿದ್ಯೆಯ ಬುನಾದಿಯನ್ನು ಹಾಕುವವರ ಮಾತು ರಾಜ್ಯವ್ಯವಹಾರದಲ್ಲಿ ಎಷ್ಟು ದೂರ ಸಾಗಬಲ್ಲುದೆಂಬ ಪ್ರಶ್ನೆಯನ್ನು ಕೇಳಲು ಇದಕ್ಕಿಂತ ಸೂಕ್ತವಾದ ಆರಂಭ ನನಗೆ ಕಾಣುತ್ತಿಲ್ಲ. ಶಿಕ್ಷಣದ ಸುಧಾರಣೆಯೆಂಬ ಹೆಸರಿನಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ನಮ್ಮ ಶಾಲೆಗಳಿಗೆ ಬಂದು ಹೋದ ಯೋಜನೆಗಳು ಅಸಂಖ್ಯ. ಅವುಗಳಲ್ಲಿ ಬಹುಪಾಲು ಸದುದ್ದೇಶದವು, ಕೆಲವು ನಿಜಕ್ಕೂ ಫಲಪ್ರದವಾದವು. ಆದರೂ ಅವುಗಳನ್ನು ರೂಪಿಸಿದ ಕೋಣೆಯಲ್ಲಿ ಪಾಠ ಹೇಳುವ ಮನುಷ್ಯ ಕುಳಿತಿದ್ದನೆ, ಕುಳಿತಿದ್ದರೆ ಬಾಯಿ ತೆರೆದಿದ್ದನೆ, ತೆರೆದಿದ್ದರೆ ಆ ಮಾತನ್ನು ಯಾರಾದರೂ ಬರೆದುಕೊಂಡರೆ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಶಿಕ್ಷಕರಿಗೆ ದನಿಯೇ ಇಲ್ಲವೆಂದು ಇದರ ಅರ್ಥವಲ್ಲ. ತಾಲ್ಲೂಕು ತಾಲ್ಲೂಕಿಗೂ ಶಿಕ್ಷಕರ ಸಂಘವುಂಟು, ಊರೂರಿಗೆ ಗುರುಭವನವುಂಟು, ಸೆಪ್ಟೆಂಬರ್ 5ರಂದು ಶಾಲು ಹಾರಗಳುಂಟು. 2017ರ ವೃಂದ ಮತ್ತು ನೇಮಕಾತಿ ನಿಯಮಗಳಿಂದ, ಒಂದರಿಂದ ಏಳನೆಯ ತರಗತಿಯವರೆಗಿನ ಬೋಧನೆಗೆಂದು ನೇಮಕವಾಗಿದ್ದವರು ಒಂದರಿಂದ ಐದನೆಯ ತರಗತಿಯವರೆಂದು ಪರಿಗಣಿತರಾದಾಗ, ತಮ್ಮ ಪದವಿಗೂ ಸೇವಾಜ್ಯೇಷ್ಠತೆಗೂ ಅನ್ಯಾಯವಾಯಿತೆಂದು ಮೊರೆಯಿಟ್ಟ ಪ್ರಾಥಮಿಕ ಶಾಲಾ ಶಿಕ್ಷಕರು 2024ರ ಆಗಸ್ಟ್‌ನಲ್ಲಿ ರಾಜ್ಯದ ಮೂಲೆಮೂಲೆಗಳಿಂದ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ನೆರೆದರು. ಆ ದನಿ ಕೇಳಿಸಿತು. ವೇತನ, ಬಡ್ತಿ, ವರ್ಗಾವಣೆ, ನಿವೃತ್ತಿವೇತನ ಇವು ಗೃಹಸ್ಥನಾದವನು ಕೇಳಲೇಬೇಕಾದ ವಿಷಯಗಳು. ಹೊಟ್ಟೆಯ ಮಾತನ್ನಾಡುವ ಉಪಾಧ್ಯಾಯನನ್ನು ಹಗುರಾಗಿ ಕಾಣುವ ವೇದಾಂತ ನಮಗೆ ಬೇಡ. ನಾನು ಹೇಳಹೊರಟಿರುವುದು ಅವನ ಇನ್ನೊಂದು ದನಿಯ ವಿಷಯ: ಈ ಪಾಠ ಈ ಮಗುವಿಗೆ ಏಕೆ ಹತ್ತಲಿಲ್ಲ, ಯಾವ ದಾರಿಯಿಂದ ಹತ್ತೀತು ಎಂಬುದನ್ನು ಕಂಡು ಹೇಳಬಲ್ಲ, ತಿಳಿದವನ ದನಿ. ಹಕ್ಕುದಾರನಾಗಿ ಮೇಷ್ಟ್ರಿಗೆ ಮನ್ನಣೆಯುಂಟು; ತಜ್ಞನಾಗಿ ಅವನನ್ನು ವಿಚಾರಿಸುವ ಪರಿಪಾಟಿ ನಮ್ಮಲ್ಲಿ ಬೆಳೆಯಲಿಲ್ಲ.

ಅವನಿಗೆ ತಿಳಿದಿರುವುದಾದರೂ ಏನು? ದಾವಣಗೆರೆಯನ್ನೇ ನೋಡಬಹುದು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನ ಹತ್ತಿಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ ಎರಡು ಮೂರು ತಲೆಮಾರುಗಳಿಗೆ ಅನ್ನವಿತ್ತ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಇಂಥ ಘಟನೆಗಳನ್ನು ಅರ್ಥಶಾಸ್ತ್ರಜ್ಞರು ಅಂಕಿಅಂಶಗಳಲ್ಲಿ ತರುವಾಯ ಓದುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವು ಮೊದಲೇ ಕಾಣತಕ್ಕವು. ಯಾವ ಮಗು ಊರು ಬಿಟ್ಟಿತು, ಯಾವ ಮಗು ಖಾಸಗಿ ಶಾಲೆಯಿಂದ ಸರ್ಕಾರಿ ಶಾಲೆಗೆ ಮರಳಿತು, ಮಂಡಕ್ಕಿ ಭಟ್ಟಿಯ ಬೀದಿಗಳಿಂದ ಬರುವ ಹುಡುಗ ಬೆಳಗಿನ ಮೊದಲ ಪಾಠಕ್ಕೆ ಏಕೆ ತೂಕಡಿಸುತ್ತಾನೆ, ಭದ್ರಾ ನಾಲೆಗೆ ನೀರು ಬಿಟ್ಟು ಭತ್ತದ ನಾಟಿ ಆರಂಭವಾದೊಡನೆ ಹರಿಹರದ ಸುತ್ತಲಿನ ಹಳ್ಳಿಗಳಲ್ಲಿ ಐದನೆಯ ತರಗತಿಯ ಹೆಣ್ಣುಮಕ್ಕಳ ಸಾಲು ಏಕೆ ತೆಳ್ಳಗಾಗುತ್ತದೆ, ಇದನ್ನೆಲ್ಲ ಅರಿಯಲು ಶಿಕ್ಷಕಿಗೆ ಯಾವ ಸಮೀಕ್ಷೆಯೂ ಬೇಕಿಲ್ಲ. ಆದರೆ ಈ ಅರಿವು ಒಬ್ಬೊಬ್ಬರ ಎದೆಯಲ್ಲಿ ಬಿಡಿಬಿಡಿಯಾಗಿ ಉಳಿಯುತ್ತದೆ. ಬಿಡಿಯಾದ ಅರಿವು ಬಹುಬೇಗ ಗೊಣಗಾಟವಾಗುತ್ತದೆ. ಹತ್ತು ಜನರ ಅರಿವು ಒಂದೆಡೆ ಸೇರಿ, ಒಂದರಿಂದೊಂದು ಪರೀಕ್ಷೆಗೊಳಗಾದಾಗ ಮಾತ್ರ ಅದಕ್ಕೆ ಜ್ಞಾನದ ಪದವಿ ಬರುತ್ತದೆ.

ಶಿಕ್ಷಕರು ತಾವೇ ಮುಂದಾಗಿ, ಜೊತೆಗೂಡಿ ನಡೆಸುವ ಶೋಧನೆಯೆಂದು ಈಚೆಗೆ ಲೋಕದ ಹಲವು ಕಡೆ ಹೇಳುತ್ತಿರುವುದು ಈ ಸಾಮಾನ್ಯ ವ್ಯವಹಾರವನ್ನೇ. ಅದರ ಕ್ರಮವನ್ನು ಒಂದು ಉದಾಹರಣೆಯಿಂದ ಹೇಳುವುದು ಮೇಲು. ಮೂರನೆಯ ತರಗತಿಯ ಮಗುವಿಗೆ 52ರಿಂದ 27ನ್ನು ಕಳೆ ಎಂದು ಕೊಟ್ಟರೆ ಅನೇಕ ಮಕ್ಕಳು 35 ಎಂದು ಬರೆಯುತ್ತಾರೆ. ತಪ್ಪು ಎಂದು ಕೆಂಪು ಗೀಟು ಎಳೆದು, ಸರಿಯಾದ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಇನ್ನೊಮ್ಮೆ ಮಾಡಿ ತೋರಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ಐದು ಶಾಲೆಗಳ ಐವರು ಶಿಕ್ಷಕರು ಆ ಪುಸ್ತಕಗಳನ್ನು ತಂದು ಒಂದು ಮೇಜಿನ ಮೇಲೆ ಹರಡಿದರೆಂದಿಟ್ಟುಕೊಳ್ಳಿ. ಬೇರೆ ಬೇರೆ ಹಳ್ಳಿಗಳ, ಒಬ್ಬರನ್ನೊಬ್ಬರು ಕಂಡರಿಯದ ಮಕ್ಕಳು ಒಂದೇ ತಪ್ಪನ್ನು ಮಾಡಿರುವುದು ಕಂಡೊಡನೆ, ಇದು ಅಜಾಗರೂಕತೆಯಲ್ಲ, ಇದರ ಹಿಂದೆ ಒಂದು ನಿಯಮವಿದೆ ಎಂಬುದು ಹೊಳೆಯುತ್ತದೆ. ಆ ನಿಯಮವಾವುದೆಂದರೆ, ಪ್ರತಿಯೊಂದು ಸ್ಥಾನದಲ್ಲಿಯೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಮಗು ತಾನಾಗಿ ಕಟ್ಟಿಕೊಂಡಿರುವ ನಿಯಮ. ಚಿಕ್ಕದರಿಂದ ದೊಡ್ಡದು ಹೋಗುವುದಿಲ್ಲವೆಂದು ಹಿಂದಿನ ವರ್ಷ ನಾವೇ ಹೇಳಿಕೊಟ್ಟದ್ದರ ಫಲ ಅದು. ಆಗ ಪ್ರಶ್ನೆಯ ಮುಖವೇ ತಿರುಗುತ್ತದೆ: ಮಗು ಏಕೆ ತಪ್ಪಿತು ಎಂಬುದರಿಂದ, ನಾವು ಹೇಳಿದ ಯಾವ ಮಾತು ಅದನ್ನು ಈ ದಾರಿಗೆ ಹಚ್ಚಿತು ಎಂಬುದಕ್ಕೆ.

ಅಲ್ಲಿಂದ ಮುಂದಿನದು ಪರೀಕ್ಷೆ. ಒಬ್ಬರು ಕಡ್ಡಿಯ ಕಂತೆಗಳನ್ನು ಬಿಚ್ಚಿಸಿ ಹತ್ತನ್ನು ಬಿಡಿಯಾಗಿಸುವುದನ್ನು ತೋರಿಸಿ ನೋಡುತ್ತಾರೆ. ಇನ್ನೊಬ್ಬರು ಬರವಣಿಗೆಯನ್ನೇ ಕೈಬಿಟ್ಟು ಐವತ್ತೆರಡು ರೂಪಾಯಿ ಕೈಯಲ್ಲಿಟ್ಟುಕೊಂಡು ಅಂಗಡಿಯಾಟ ಆಡಿಸುತ್ತಾರೆ. ಮೂರು ವಾರದ ಬಳಿಕ ಮತ್ತೆ ಸೇರಿ, ಮತ್ತೆ ಮಕ್ಕಳ ಪುಸ್ತಕಗಳನ್ನೇ ಮುಂದಿಟ್ಟುಕೊಂಡು ಯಾವುದು ಯಾರಿಗೆ ಹತ್ತಿತೆಂದು ನೋಡುತ್ತಾರೆ, ಬರೆದಿಡುತ್ತಾರೆ. ಅಂಗಡಿಯಾಟದ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. 1985ರಲ್ಲಿ ಬ್ರೆಜಿಲ್ ದೇಶದ ಮೂವರು ವಿದ್ವಾಂಸರು ರೆಸಿಫೆ ನಗರದ ಬೀದಿಗಳಲ್ಲಿ ತೆಂಗಿನಕಾಯಿ ಮೊದಲಾದುವನ್ನು ಮಾರುತ್ತಿದ್ದ ಮಕ್ಕಳ ಲೆಕ್ಕವನ್ನು ಪರೀಕ್ಷಿಸಿದ್ದನ್ನು ಪ್ರಕಟಿಸಿದರು. ವ್ಯಾಪಾರದ ನಡುವೆ ಬಾಯಿಲೆಕ್ಕದಲ್ಲಿ ನೂರಕ್ಕೆ 98ರಷ್ಟು ಸರಿಯುತ್ತರ ಕೊಟ್ಟ ಅದೇ ಮಕ್ಕಳು, ಅದೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟಾಗ ನೂರಕ್ಕೆ 37ರಷ್ಟನ್ನು ಮಾತ್ರ ಸರಿಮಾಡಿದರು. ದಾವಣಗೆರೆಯ ಸಂತೆಯಲ್ಲಿ ತಾಯಿಯ ಪಕ್ಕ ಕುಳಿತು ಗಿರಾಕಿಗೆ ಚಿಲ್ಲರೆ ಎಣಿಸಿಕೊಡುವ ಹುಡುಗಿಗೂ, ಶಾಲೆಯಲ್ಲಿ ಕಳೆಯುವ ಲೆಕ್ಕಕ್ಕೆ ತಲೆತಗ್ಗಿಸುವ ಹುಡುಗಿಗೂ ಹೆಸರು ಒಂದೇ ಇರಬಹುದೆಂಬುದು ಅವಳ ಮೇಷ್ಟ್ರಿಗೆ ಬ್ರೆಜಿಲಿನವರು ಹೇಳುವ ಮೊದಲೇ ಗೊತ್ತಿರುತ್ತದೆ. ಗೊತ್ತಿರುವುದನ್ನು ಹೇಳಲು ಅವರಿಗೊಂದು ಸಭೆ ಬೇಕು.

ಅಂಥ ಸಭೆ ನಮ್ಮಲ್ಲಿ ಹೊಸತೇನೂ ಅಲ್ಲ. ಹರಿಹರದ ಬಳಿ ತುಂಗಭದ್ರೆಯು ಬಹುಕಾಲ ಎರಡು ಆಡಳಿತಗಳ ಗಡಿಯಾಗಿತ್ತು. ಈ ದಡದ ಶಾಲೆ ಮೈಸೂರು ಸಂಸ್ಥಾನದ್ದು, ಆ ದಡದ್ದು ಮುಂಬಯಿ ಪ್ರಾಂತದ್ದು. ಈ ಕಡೆಯಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆಯು 1868ರಲ್ಲಿ ಹಳ್ಳಿಗಾಡಿಗೆ ಸರ್ಕಾರಿ ವಿದ್ಯೆಯನ್ನು ತಂದಿತು, ಅದರ ಹಿಂದೆಯೇ ಇನ್‌ಸ್ಪೆಕ್ಟರರ ತನಿಖೆಯೂ ಬಂದಿತು. ಆ ಕಡೆಯಲ್ಲಿ ವಿದ್ಯಾ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿ ಧಾರವಾಡ ಸೀಮೆಯು ಕನ್ನಡ ಶಿಕ್ಷಕರಿಗಾಗಿಯೇ ಒಂದು ಪತ್ರಿಕೆಯನ್ನು ಕಂಡಿತು. ‘ಮಠಪತ್ರಿಕೆ’ಯೆಂದು ಹೊರಟ ಆ ಪರಂಪರೆಯೇ ಮುಂದೆ ‘ಜೀವನ ಶಿಕ್ಷಣ’ವಾಗಿ ಬೆಳೆಯಿತು. ಬೋಧಿಸುವವನು ಬರೆಯಲೂಬೇಕು, ಬರೆದದ್ದನ್ನು ಇತರ ಬೋಧಕರು ಓದಬೇಕು ಎಂಬ ಭಾವನೆ ಹೊಳೆಯ ಆಚೆಗೆ ನೂರೈವತ್ತು ವರ್ಷಗಳಿಗೂ ಹಿಂದಿನದು.

ಹೊಳೆಯ ಈಚೆಗಿನ ಚಿತ್ರಕ್ಕೆ ಎಂ. ಆರ್. ಶ್ರೀನಿವಾಸಮೂರ್ತಿಗಳ ‘ರಂಗಣ್ಣನ ಕನಸಿನ ದಿನಗಳು’ ಇದೆ. ಸ್ವತಃ ಮೈಸೂರಿನ ವಿದ್ಯಾ ಇಲಾಖೆಯಲ್ಲಿ ದುಡಿದಿದ್ದ ಆ ಮಹನೀಯರು ರಂಗಣ್ಣನೆಂಬ ಸ್ಕೂಲ್ ಇನ್‌ಸ್ಪೆಕ್ಟರನನ್ನು ಸೃಷ್ಟಿಸಿ, ಅವನು ರೇಂಜಿನ ಹಳ್ಳಿಗಳಲ್ಲಿ ಉಪಾಧ್ಯಾಯರ ಸಂಘದ ಸಭೆಗಳನ್ನು ಸೇರಿಸುವ ಪ್ರಸಂಗಗಳನ್ನು ಹಾಸ್ಯವೂ ಮಮತೆಯೂ ಬೆರೆತ ಶೈಲಿಯಲ್ಲಿ ಚಿತ್ರಿಸಿದ್ದಾರೆ. ತನಿಖೆಗೆ ಬಂದ ಸಾಹೇಬನೆದುರು ನಡುಗುವ ಮೇಷ್ಟ್ರು, ಊಟವಾಗಿ ಜೊತೆಯವರೊಂದಿಗೆ ಚಾಪೆಯ ಮೇಲೆ ಕುಳಿತಾಗ ಬೇರೆಯ ಮನುಷ್ಯನಾಗುತ್ತಾನೆಂಬುದನ್ನು ಅಧಿಕಾರಿಯಾಗಿದ್ದೂ ಕಂಡವರು ಅವರು. ಶಿಕ್ಷಣಾಧಿಕಾರಿಯಾಗಿ ನೇಮಕಗೊಳ್ಳುವ ಪ್ರತಿಯೊಬ್ಬರಿಗೂ ಆದೇಶಪತ್ರದ ಜೊತೆಗೆ ಈ ಪುಸ್ತಕದ ಒಂದು ಪ್ರತಿಯನ್ನು ಕೊಡುವುದಾದರೆ ಬೊಕ್ಕಸಕ್ಕೆ ದೊಡ್ಡ ಹೊರೆಯಾಗಲಾರದು.

ಸ್ವಾತಂತ್ರ್ಯಾನಂತರ 1964-66ರ ಕೊಠಾರಿ ಆಯೋಗವು ನೆರೆಹೊರೆಯ ಶಾಲೆಗಳನ್ನು ಒಂದು ಸಂಕೀರ್ಣವಾಗಿ ಜೋಡಿಸಿ ಶಿಕ್ಷಕರ ಒಂಟಿತನವನ್ನು ನೀಗಬೇಕೆಂದು ಸೂಚಿಸಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆಯನ್ನು, ಅಂದರೆ ಎಲ್ಲರ ಬಾಯಲ್ಲಿರುವ ಡಯಟ್ಟನ್ನು, ತಂದಿತು. 1994ರಿಂದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವೂ, ಅದರ ಬೆನ್ನಿಗೆ ಸರ್ವ ಶಿಕ್ಷಣ ಅಭಿಯಾನವೂ ಬಂದು, ಕ್ಷೇತ್ರ ಸಂಪನ್ಮೂಲ ಕೇಂದ್ರ, ಸಮೂಹ ಸಂಪನ್ಮೂಲ ಕೇಂದ್ರ, ಅಲ್ಲಿ ಸಿ.ಆರ್.ಪಿ. ಎಂಬ ಒಬ್ಬ ಸಂಪನ್ಮೂಲ ವ್ಯಕ್ತಿ, ತಿಂಗಳಿಗೊಮ್ಮೆ ಸಮಾಲೋಚನಾ ಸಭೆ ಎಂಬ ಏರ್ಪಾಡು ನೆಲೆಗೊಂಡಿತು. 1997ರ ಆಗಸ್ಟ್ 15ರಂದು ಹೊಸ ಜಿಲ್ಲೆಯಾದ ದಾವಣಗೆರೆಗೂ ಈ ಏರ್ಪಾಡು ಪೂರ್ಣವಾಗಿ ಬಂದಿದೆ. ದಾವಣಗೆರೆ ಉತ್ತರ, ದಾವಣಗೆರೆ ದಕ್ಷಿಣ, ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು ಎಂಬ ಆರು ಶೈಕ್ಷಣಿಕ ವಲಯಗಳು, ಅವುಗಳೊಳಗೆ ಕ್ಲಸ್ಟರುಗಳು. ಕಾಗದದ ಮೇಲೆ ನೋಡಿದರೆ, ಶಿಕ್ಷಕರು ತಿಂಗಳಿಗೊಮ್ಮೆ ಕಲೆತು ತಮ್ಮ ಬೋಧನೆಯನ್ನು ತಾವೇ ವಿಮರ್ಶಿಸಿಕೊಳ್ಳುವ ಇಷ್ಟು ವಿಸ್ತಾರವಾದ ವ್ಯವಸ್ಥೆ ಜಗತ್ತಿನ ಅನೇಕ ಸಿರಿವಂತ ದೇಶಗಳಿಗೂ ಇಲ್ಲ.

ಆದರೆ ಸಮಾಲೋಚನಾ ಸಭೆಯಿಂದ ಹೊರಬರುವ ಮೇಷ್ಟ್ರನ್ನು ಏನು ಸಮಾಲೋಚಿಸಿದಿರಿ ಎಂದು ಕೇಳಿದರೆ, ಮಾಹಿತಿ ಕೊಟ್ಟು ಬಂದೆವು ಎಂಬ ಉತ್ತರ ಎಲ್ಲ ಕಡೆಗೂ ಸಾಮಾನ್ಯ. ವಿದ್ಯಾರ್ಥಿವೇತನದ ಅರ್ಜಿ ಎಷ್ಟು, ಸಮವಸ್ತ್ರ ಬಂತೆ, ಶೂಗಳ ಅಳತೆ ಏನು, ಬಿಸಿಯೂಟದ ಅಕ್ಕಿ ಎಷ್ಟು ಉಳಿಯಿತು, ಮೊಟ್ಟೆ ತಿನ್ನುವ ಮಕ್ಕಳೆಷ್ಟು ಬಾಳೆಹಣ್ಣಿನವರೆಷ್ಟು, ಮಕ್ಕಳ ದಾಖಲೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಆಧಾರ್ ಹೊಂದದವರೆಷ್ಟು ಎಂಬ ಪಟ್ಟಿ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಇವೆಲ್ಲ ಮಕ್ಕಳ ಕ್ಷೇಮಕ್ಕೆ ಬೇಕಾದ ಕೆಲಸಗಳೇ, ಯಾವುದನ್ನೂ ಬಿಡುವಂತಿಲ್ಲ. ಸಿ.ಆರ್.ಪಿ.ಯವರನ್ನು ದೂರಿ ಪ್ರಯೋಜನವಿಲ್ಲ, ಅವರೂ ಮೊನ್ನೆಮೊನ್ನೆಯವರೆಗೆ ಪಾಠ ಹೇಳುತ್ತಿದ್ದವರೇ. ಮೇಲಿನಿಂದ ವಾಟ್ಸ್ಯಾಪ್ ಗುಂಪಿಗೆ ‘ತುರ್ತು, ಇಂದು ಸಂಜೆಯೊಳಗೆ’ ಎಂದು ಬಂದದ್ದನ್ನು ಕೆಳಗೆ ದಾಟಿಸುವುದರಲ್ಲಿ ಅವರ ದಿನ ಸವೆಯುತ್ತದೆ. ಕೆಳಗಿನಿಂದ ಮೇಲಕ್ಕೆ ಅಂಕಿ ಹೋಗುತ್ತದೆ, ಮೇಲಿನಿಂದ ಕೆಳಕ್ಕೆ ಆಜ್ಞೆ ಬರುತ್ತದೆ. 52ರಲ್ಲಿ 27 ಕಳೆದು 35 ಬರೆದ ಮಗುವಿನ ಪುಸ್ತಕ ಚೀಲದಿಂದ ಹೊರಬರುವುದೇ ಇಲ್ಲ.

ಇನ್ನು ಕೆಲಸಗಳ ಹೊರೆಯ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಪ್ರಕರಣವು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವನ್ನುಳಿದು ಬೇರಾವ ಶೈಕ್ಷಣಿಕೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದೆನ್ನುತ್ತದೆ. ಆದರೂ 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆಮನೆ ಸುತ್ತಿದರು. ಅದು ಮುಗಿಯದ ಕಾರಣ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಸಮೀಕ್ಷೆಯ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಊರಿನ ಪ್ರತಿಯೊಂದು ಮನೆಯ ವಿವರವನ್ನು ಬರೆದುತರಲು ನಂಬಿಕೆಗೆ ಪಾತ್ರನಾದ ಮನುಷ್ಯನು, ತನ್ನ ತರಗತಿಯ ವಿವರವನ್ನು ಹೇಳುವಾಗ ಏಕೆ ನಂಬಿಕೆಗೆ ಪಾತ್ರನಾಗುವುದಿಲ್ಲವೆಂಬುದಷ್ಟೇ ನನ್ನ ಸೋಜಿಗ.

ನಂಬಿದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ದೃಷ್ಟಾಂತವಿದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಪುಟ್ಟ ಶಾಲೆಗಳಲ್ಲಿ ಬೇರೆಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡುಗಳ ಸಹಾಯದಿಂದ ತಂತಮ್ಮ ವೇಗದಲ್ಲಿ ಕಲಿಯುತ್ತಿದ್ದುದನ್ನು ಕಂಡರು. ಕಾಡಂಚಿನ ಆ ತಾಲ್ಲೂಕಿನ ಶಾಲೆಗಳಿಗೆ ಇಂಥದೇ ಬೇಕಾಗಿತ್ತು: ಒಬ್ಬಿಬ್ಬರು ಶಿಕ್ಷಕರು, ನಾಲ್ಕು ತರಗತಿ, ವಾರಗಟ್ಟಲೆ ಬಾರದೆ ಮತ್ತೆ ಬರುವ ಮಕ್ಕಳು. ಹಿಂದಿರುಗಿದವರು ಕಂಡದ್ದನ್ನು ನಕಲು ಮಾಡಲಿಲ್ಲ. ಕೂಡಿ ಕುಳಿತು ಕನ್ನಡಕ್ಕೆ ತಕ್ಕ ಕಲಿಕಾ ಏಣಿಯನ್ನು ಕಟ್ಟಿದರು, ಹಾಡು ಕಥೆ ಆಟಗಳನ್ನು ಹೆಣೆದರು, ಕಾರ್ಡುಗಳನ್ನು ಕೈಯಲ್ಲಿ ಬರೆದು ತರಗತಿಯಲ್ಲಿ ಪ್ರಯೋಗಿಸಿ, ಹತ್ತದ್ದನ್ನು ಹರಿದು ಮತ್ತೆ ಬರೆದರು. ಅದೇ ನಲಿಕಲಿ. ಅ ಆ ಇ ಈ ಎಂಬ ವರ್ಣಮಾಲೆಯ ಕ್ರಮವನ್ನು ಬಿಟ್ಟು, ಬರೆಯಲು ಸುಲಭವಾಗಿ ಬೇಗನೆ ಪದಗಳನ್ನು ಕೂಡಿಸಬಲ್ಲ ರ ಗ ಸ ದ ಅ ಎಂಬ ಅಕ್ಷರಗಳಿಂದ ಅದು ಆರಂಭವಾಗುತ್ತದೆ; ಈ ಐದು ಬಂದರೆ ಮಗು ಮೊದಲ ವಾರಗಳಲ್ಲಿಯೇ ‘ಅರಸ’, ‘ಸರ’, ‘ಗರಗಸ’ ಎಂದು ಓದಿ ಬೀಗುತ್ತದೆ. ಸಾವಿರ ವರ್ಷದ ಅಕ್ಷರಕ್ರಮವನ್ನು ಪಾಠದ ಅನುಕೂಲಕ್ಕಾಗಿ ಪಕ್ಕಕ್ಕಿಡುವ ಧೈರ್ಯ ಆ ಮಕ್ಕಳ ಬೆರಳುಗಳನ್ನು ದಿನವೂ ಹಿಡಿದು ತಿದ್ದಿಸುತ್ತಿದ್ದವರಿಗೆ ಬಂದಿತೆಂಬುದು ಗಮನಿಸತಕ್ಕ ವಿಷಯ.

ಮುಂದಿನ ಕಥೆ ಅಷ್ಟು ಸರಳವಲ್ಲ. ನಲಿಕಲಿಯ ಯಶಸ್ಸನ್ನು ಕಂಡ ಸರ್ಕಾರ ಅದನ್ನು ಹಂತಹಂತವಾಗಿ ಹರಡಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆಲ್ಲ ಅನ್ವಯಿಸಿತು, ತರುವಾಯ ಮೂರನೆಯದಕ್ಕೂ. ದಾವಣಗೆರೆ ಹರಿಹರಗಳಿಗೆ ಅದು ಬಂದದ್ದು ಹೀಗೆ: ಮುದ್ರಿತ ಕಾರ್ಡುಗಳು, ಕಲಿಕಾ ಚಪ್ಪರ, ಕಲಿಕಾ ತಟ್ಟೆ, ಪ್ರಗತಿ ನೋಟ, ಕೆಲವು ದಿನಗಳ ತರಬೇತಿ, ಒಂದು ಸುತ್ತೋಲೆ. ಹೆಗ್ಗಡದೇವನಕೋಟೆಯ ಶಿಕ್ಷಕರು ಒಂದು ಪ್ರಶ್ನೆಗೆ ಉತ್ತರವಾಗಿ ಕಟ್ಟಿದ್ದನ್ನು ಉಳಿದವರು ಪ್ರಶ್ನೆಯಿಲ್ಲದೆ ಬಂದ ಉತ್ತರವಾಗಿ ಸ್ವೀಕರಿಸಬೇಕಾಯಿತು. ಕಾರ್ಡಿನ ಕ್ರಮವನ್ನು ತಮ್ಮ ಊರಿನ ಮಕ್ಕಳಿಗೆ ತಕ್ಕಂತೆ ಬದಲಿಸಬಹುದೆ, ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ತೆಲುಗನ್ನೋ ಆಡುವ ಮಗುವಿಗೆ ಬೇರೆ ಮೆಟ್ಟಿಲು ಬೇಕೆ ಎಂದು ಕೇಳುವ ಅವಕಾಶ ತರಬೇತಿಯಲ್ಲಿ ವಿರಳವಾಗಿತ್ತು. ಅದರಿಂದ ಕೆಲವರು ಅದನ್ನು ಪ್ರಾಣದಂತೆ ನಡೆಸಿದರು, ಕೆಲವರು ತನಿಖೆಯ ದಿನಕ್ಕಾಗಿ ಚಪ್ಪರ ಕಟ್ಟಿದರು. ನನ್ನ ಅಭಿಪ್ರಾಯ ಸ್ಪಷ್ಟವಾದದ್ದು: ರಾಜ್ಯಕ್ಕೆ ಹರಡಬೇಕಾಗಿದ್ದುದು ಕಾರ್ಡುಗಳಿಗಿಂತ ಮಿಗಿಲಾಗಿ, ಆ ಕಾರ್ಡುಗಳನ್ನು ಹುಟ್ಟಿಸಿದ ಕೂಡಿ ಕುಳಿತುಕೊಳ್ಳುವ ಪದ್ಧತಿ. ಬೆಳೆದ ಪೈರನ್ನು ಕಿತ್ತು ಊರೂರಿಗೆ ಹಂಚಿದೆವು, ಬಿತ್ತನೆ ಬೀಜ ಕೋಟೆಯಲ್ಲಿಯೇ ಉಳಿಯಿತು.

ಹೊರನಾಡಿನ ಅನುಭವವೂ ಇದನ್ನೇ ಹೇಳುತ್ತದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಆರಂಭಿಸಿದ ವಿಜ್ಞಾನ ಬೋಧನೆಯ ಪ್ರಯೋಗವು 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. ಅದರ ಜೀವನಾಡಿ ಶಿಕ್ಷಕರ ಮಾಸಿಕ ಗೋಷ್ಠಿಯಾಗಿತ್ತು. ಕೈಕೊಟ್ಟ ಪ್ರಯೋಗವನ್ನು ಅಲ್ಲಿಗೆ ತಂದು ಎಲ್ಲರೆದುರು ಮತ್ತೆ ಮಾಡಿ ನೋಡುತ್ತಿದ್ದರು, ಪಠ್ಯಪುಸ್ತಕ ಆ ಚರ್ಚೆಗಳಿಂದ ತಿದ್ದುಪಡಿಯಾಗುತ್ತಿತ್ತು. ಮೂವತ್ತು ವರ್ಷ ನಡೆದ ಆ ಪ್ರಯೋಗವನ್ನು 2002ರಲ್ಲಿ ಸರ್ಕಾರ ಒಂದು ತೀರ್ಮಾನದಿಂದ ನಿಲ್ಲಿಸಿತು. ಜಪಾನಿನಲ್ಲಿ ಮೇಜಿ ಕಾಲದಿಂದಲೂ ಶಿಕ್ಷಕರು ಒಂದು ಪಾಠವನ್ನು ಕೂಡಿ ಯೋಜಿಸಿ, ಒಬ್ಬರು ಬೋಧಿಸುವಾಗ ಉಳಿದವರು ಹಿಂದೆ ಕುಳಿತು ಮಕ್ಕಳನ್ನು ಗಮನಿಸಿ, ಬಳಿಕ ಅದನ್ನು ತಿದ್ದುವ ಸಂಪ್ರದಾಯವಿದೆ. ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲಿ, ಪಠ್ಯಕ್ರಮವೆಂಬುದು ತರಗತಿಯಲ್ಲಿ ಪರೀಕ್ಷಿಸಲ್ಪಡಬೇಕಾದ ಒಂದು ಊಹೆ, ಅದನ್ನು ಪರೀಕ್ಷಿಸುವ ಸಂಶೋಧಕ ಶಿಕ್ಷಕನೇ ಎಂಬ ವಾದವನ್ನು ಮಂಡಿಸಿದರು. ನಮ್ಮಲ್ಲಿಯೂ ಕ್ರಿಯಾ ಸಂಶೋಧನೆಯೆಂಬ ಹೆಸರಿನಲ್ಲಿ ಈ ವಿಚಾರ ಡಿ.ಇಡಿ., ಬಿ.ಇಡಿ. ಪಠ್ಯಗಳಿಗೂ ಡಯಟ್ಟಿನ ಕಾರ್ಯಕ್ರಮಗಳಿಗೂ ಬಂದಿತು. ಆದರೆ ಸಮಸ್ಯೆಯ ಹೇಳಿಕೆ, ಪ್ರಾಕ್ಕಲ್ಪನೆ, ಪೂರ್ವಪರೀಕ್ಷೆ, ಉತ್ತರಪರೀಕ್ಷೆ, ಪ್ರಗತಿ ಕಂಡುಬಂದಿತೆಂಬ ಉಪಸಂಹಾರ ಎಂಬ ಅಚ್ಚಿನಲ್ಲಿ ಅದು ಬೇಗನೆ ಹೆಪ್ಪುಗಟ್ಟಿತು. ಪ್ರಗತಿ ಕಂಡುಬರಲಿಲ್ಲ, ಏಕೆಂದು ತಿಳಿಯದು ಎಂದು ಬರೆದ ಕ್ರಿಯಾ ಸಂಶೋಧನೆಗೆ ಅಂಕ ಕೊಡುವವರು ಬೇಕಾಗಿದ್ದಾರೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಶಿಕ್ಷಕರು ಹೇಳಿದ್ದೆಲ್ಲ ಸರಿಯೆ? ಅಲ್ಲವೆಂದು ನಿಸ್ಸಂಕೋಚವಾಗಿ ಹೇಳಬೇಕು. ನಮ್ಮ ಶಾಲೆಗಳ ಸ್ಟಾಫ್ ರೂಮುಗಳಲ್ಲಿ ‘ಈ ಮಕ್ಕಳಿಗೆ ಎಷ್ಟು ಹೇಳಿದರೂ ಅಷ್ಟೇ’, ‘ತಂದೆತಾಯಿಗಳಿಗೇ ಬೇಡ, ನಾವೇನು ಮಾಡೋಣ’ ಎಂಬ ಮಾತುಗಳು ಒಮ್ಮತದಿಂದ ಕೇಳಿಬರುವುದುಂಟು. ಯಾವ ಕೇರಿಯ, ಯಾವ ಜಾತಿಯ ಮಕ್ಕಳ ವಿಷಯವಾಗಿ ಅವು ಹೆಚ್ಚಾಗಿ ಕೇಳಿಬರುತ್ತವೆಂಬುದೂ ಗುಟ್ಟಲ್ಲ. ಹತ್ತು ಜನ ಕೂಡಿ ಆಡಿದ ಮಾತ್ರಕ್ಕೆ ಪೂರ್ವಗ್ರಹವು ಜ್ಞಾನವಾಗದು, ಇನ್ನಷ್ಟು ಗಟ್ಟಿಯಾದೀತು. ಆದುದರಿಂದಲೇ ದನಿಯೊಂದೇ ಸಾಲದು, ಶೋಧನೆಯೂ ಬೇಕೆನ್ನುವುದು. ಮಗುವಿನ ಪುಸ್ತಕ ಮೇಜಿನ ಮೇಲೆ ತೆರೆದಿರುವಾಗ ‘ಇವನಿಗೆ ಬರುವುದಿಲ್ಲ’ ಎಂಬ ಮಾತು ನಿಲ್ಲಲಾರದು. ಇವನಿಗೆ ಬಂದಿರುವುದೇನು, ಎಲ್ಲಿ ತಪ್ಪಿದ, ನಮ್ಮ ಶಾಲೆಯಲ್ಲಿ ಇದೇ ಕೇರಿಯ ಹುಡುಗ ಹೇಗೆ ಕಲಿತ ಎಂದು ಪಕ್ಕದವರು ಕೇಳುತ್ತಾರೆ. ಸಾಹೇಬರ ತನಿಖೆಯಲ್ಲಿ ಈ ಪ್ರಶ್ನೆ ಬಂದರೆ ಮೇಷ್ಟ್ರು ತಮ್ಮನ್ನು ಸಮರ್ಥಿಸಿಕೊಳ್ಳುತ್ತಾರೆ. ಜೊತೆಯವರಿಂದ ಬಂದರೆ ಯೋಚಿಸುತ್ತಾರೆ.

ಮೇಲಿನವರಿಗೆ ಈ ತತ್ತ್ವ ಅಪರಿಚಿತವೇನಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಶಿಕ್ಷಕನಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿವಿಕಾಸವನ್ನು ಹೇಳಿ, ಶಾಲಾ ಸಂಕೀರ್ಣದ ಹಳೆಯ ವಿಚಾರವನ್ನೂ ಎತ್ತಿಹಿಡಿದಿದೆ. ಆ ನೀತಿಗೆ ಪರ್ಯಾಯವಾಗಿ ಕರ್ನಾಟಕ ಸರ್ಕಾರವು 2023ರ ಅಕ್ಟೋಬರ್‌ನಲ್ಲಿ ಸುಖದೇವ್ ಥೋರಾಟ್ ಅವರ ಅಧ್ಯಕ್ಷತೆಯಲ್ಲಿ ರಚಿಸಿದ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ವರದಿಯನ್ನೊಪ್ಪಿಸಿದೆ. ಎರಡು ನೀತಿಗಳ ನಡುವೆ ಪತ್ರಿಕೆಗಳಲ್ಲಿ ನಡೆಯುವ ವಾದವಿವಾದ ನಡೆಯಲಿ. ಯಾವುದು ಗೆದ್ದರೂ ಕೊನೆಗೆ ಅದು ಹರಿಹರ ತಾಲ್ಲೂಕಿನ ಒಂದು ಕ್ಲಸ್ಟರಿನ ಸಭೆಗೆ ಸುತ್ತೋಲೆಯಾಗಿ ಬಂದು ಸೇರತಕ್ಕದ್ದೇ. ಅಲ್ಲಿ ಅದನ್ನು ಓದಿ ಹೇಳಿ ಸಹಿ ಪಡೆಯುವರೋ, ಓದಿ ಪ್ರಶ್ನಿಸಿ ಉತ್ತರ ಪಡೆಯುವರೋ ಎಂಬುದರ ಮೇಲೆ ನೀತಿಯ ಆಯುಸ್ಸು ನಿಂತಿದೆ.

ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಹೆಸರಂತೂ ಖಂಡಿತ ಬೇಡ. ದಾವಣಗೆರೆ ಜಿಲ್ಲೆಯ ಆರು ಕ್ಷೇತ್ರ ಶಿಕ್ಷಣಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮಾಹಿತಿಯ ಪಟ್ಟಿಗಳನ್ನು ಸಭೆಯ ಮುನ್ನಾದಿನವೇ ಫೋನಿನಲ್ಲಿ ತರಿಸಿಕೊಳ್ಳಿ. ಸಮಾಲೋಚನಾ ಸಭೆಯ ಮೊದಲ ಒಂದು ಗಂಟೆಯನ್ನು ಶಿಕ್ಷಕರಿಗೆ ಬಿಟ್ಟುಕೊಡಿ, ಆ ಗಂಟೆಯ ಪ್ರಶ್ನೆಯನ್ನು ಹಿಂದಿನ ತಿಂಗಳೇ ಅವರು ಆರಿಸಿಕೊಳ್ಳಲಿ, ಮಕ್ಕಳ ಪುಸ್ತಕಗಳನ್ನು ಚೀಲದಲ್ಲಿ ತರಲಿ. ಖಾಯಂ ನೌಕರರಲ್ಲವೆಂಬ ಕಾರಣಕ್ಕೆ ಅತಿಥಿ ಶಿಕ್ಷಕರನ್ನು ಹೊರಗಿಡಬೇಡಿ. ಎಷ್ಟೋ ಶಾಲೆಗಳಲ್ಲಿ ಪಾಠ ನಡೆಯುತ್ತಿರುವುದು ಅವರಿಂದಲೇ. ಚರ್ಚೆಯ ಸಾರವನ್ನು ಒಂದು ಪುಟದಲ್ಲಿ ಬರೆದು ಡಯಟ್ಟಿಗೆ ಕಳುಹಿಸಿದರೆ, ಡಯಟ್ಟಿನವರು ಒಂದು ತಿಂಗಳೊಳಗೆ ಲಿಖಿತವಾಗಿ ಉತ್ತರಿಸುವ ಕಟ್ಟುಪಾಡಿರಲಿ, ಆ ಉತ್ತರ ‘ಗೊತ್ತಿಲ್ಲ, ನೀವೇ ಮುಂದುವರಿಸಿ ನೋಡಿ’ ಎಂದಿದ್ದರೂ ಸರಿಯೆ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ವಿಶ್ವವಿದ್ಯಾಲಯದವರು ಅತಿಥಿಗಳಾಗಿ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದು.

ಇನ್ನು ಓದುಗರಲ್ಲಿ ಶಾಲಾಭಿವೃದ್ಧಿ ಸಮಿತಿಯ ಸದಸ್ಯರಿರಬಹುದು, ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಂತೂ ಇದ್ದೇ ಇದ್ದೀರಿ. ಮುಂದಿನ ಬಾರಿ ಶಾಲೆಗೆ ಹೋದಾಗ ಫಲಿತಾಂಶ ನೂರಕ್ಕೆಷ್ಟು ಬಂತೆಂದು ಕೇಳುವ ಮೊದಲು, ಈ ತಿಂಗಳ ಸಭೆಯಲ್ಲಿ ನಮ್ಮ ಮಕ್ಕಳ ಯಾವ ತೊಡಕನ್ನು ಎಲ್ಲರೂ ಕೂಡಿ ಚರ್ಚಿಸಿದಿರಿ ಎಂದು ಮೇಷ್ಟ್ರನ್ನು ಕೇಳಿ.